ಬ್ಯಾರೋ ಸ್ಟ್ರೀಟಿನಿಂದ ಸಮುದ್ರದೊಳಗಿನ ಊರಿಗೆ

2009ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಅಕ್ಕನ ಮನೆಯಲ್ಲಿದ್ದಾಗ ಮಾಡಿದ ಪ್ರವಾಸ ಇದು. ಅಕ್ಕ ಅಂದರೆ ದೊಡ್ಡಮ್ಮನ ಮಗಳು. ವೀಸಾ, ವಿಮಾನ, ಇಮಿಗ್ರೇಷನ್ ಸಾಲಿನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ, ಬಿಡಿ. ನಾನು ಮೈಸೂರಿನ ಹವ್ಯಾಸಿ ತಂಡವೊಂದಕ್ಕೆ ಲೈಟಿಂಗ್ ಮಾಡುವವನು. ಅಷ್ಟು ದೂರ ಹೋಗಿ ಟೈಮ್ಸ್ ಸ್ಕ್ವೇರಿನ ಒಂದು ಮ್ಯೂಸಿಕಲ್ಲೂ ನೋಡದೆ ಬಂದೆ ಎಂದು ನಮ್ಮ ತಂಡದವರು ಈಗಲೂ ಆಡಿಕೊಳ್ಳುತ್ತಾರೆ. ನನ್ನ ಕಣ್ಣಿದ್ದದ್ದು ಬೇರೆ ಕಡೆ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಬಡಾವಣೆಯ ಬ್ಯಾರೋ ಸ್ಟ್ರೀಟ್ ಥಿಯೇಟರಿನಲ್ಲಿ ಆ ವರ್ಷದ ಫೆಬ್ರವರಿಯಿಂದ ‘ಅವರ್ ಟೌನ್’ ನಡೆಯುತ್ತಿತ್ತು. ಥಾರ್ನ್‌ಟನ್ ವೈಲ್ಡರ್ ಬರೆದು, 1938ರಲ್ಲಿ ರಂಗಕ್ಕೆ ಬಂದ ನಾಟಕ, ಡೇವಿಡ್ ಕ್ರೋಮರ್ ಅವರ ಹೊಸ ನಿರ್ದೇಶನ. ಮೊದಲು ಶಿಕಾಗೋದಲ್ಲಿ ಒಂದು ಸಣ್ಣ ತಂಡದೊಂದಿಗೆ ಮಾಡಿ, ಆಮೇಲೆ ನ್ಯೂಯಾರ್ಕಿಗೆ ತಂದದ್ದು.

ನಾಟಕ ನೋಡಿ ಸುಮ್ಮನೆ ಮನೆಗೆ ಬರುವುದು ಬೇಡ, ಆ ಕಥೆ ನಡೆಯುವ ನ್ಯೂ ಹ್ಯಾಂಪ್‌ಶೈರ್ ಕಡೆಗೂ ಹೋಗಿಬರೋಣ, ಎಲೆಗಳು ಕೆಂಪಾಗುವ ಕಾಲವೂ ಹೌದು ಎಂದವಳು ಅಕ್ಕ. ಕಾರು ಓಡಿಸಬೇಕಾದವರು ಭಾವ. ಅವರು ಕುಂದಾಪುರದ ಕಡೆಯವರು, ಚಿಕ್ಕಂದಿನಲ್ಲಿ ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವರು, ಈಗ ಸಾಫ್ಟ್‌ವೇರು. “ಪರದೆ ಇಲ್ಲ, ಸೀನರಿ ಇಲ್ಲ, ಆಮೇಲೆ ಟಿಕೆಟಿಗೆ ದುಡ್ಡು ಬೇರೆ. ಎಂತಕ್ಕೆ ಮಾರಾಯ?” ಎನ್ನುತ್ತಲೇ ಶುಕ್ರವಾರಕ್ಕೆ ರಜೆ ಹಾಕಿದರು.

ಗುರುವಾರ: ಮಳೆ, ಬ್ಯಾರೋ ಸ್ಟ್ರೀಟ್

ವಿಲೇಜಿಗೆ ಕಾರು ಒಯ್ದರೆ ಪಾರ್ಕಿಂಗಿಗೇ ಇನ್ನೊಂದು ನಾಟಕದ ಟಿಕೆಟಿನಷ್ಟು ಕೊಡಬೇಕು. ನಾವು ಎಡಿಸನ್‌ನಿಂದ ರೈಲಿನಲ್ಲಿ ನ್ಯೂವಾರ್ಕಿಗೆ ಬಂದು, ಅಲ್ಲಿಂದ ಪಾಥ್ ರೈಲು ಹಿಡಿದು, ನಡುವೆ ಒಮ್ಮೆ ಬದಲಿಸಿ ಕ್ರಿಸ್ಟೋಫರ್ ಸ್ಟ್ರೀಟಿನಲ್ಲಿ ಇಳಿದೆವು. ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರ. ಆದರೆ ಅಕ್ಟೋಬರ್ ಮಧ್ಯಕ್ಕೇ ಡಿಸೆಂಬರಿನ ಚಳಿ ಬಿದ್ದಿತ್ತು, ಜೊತೆಗೆ ಅಡ್ಡ ಮಳೆ. ಅಕ್ಕನ ಕೊಡೆ ಎರಡನೇ ತಿರುವಿನಲ್ಲೇ ಉಲ್ಟಾ ಆಯಿತು. ಆ ಬೀದಿಗಳಲ್ಲಿ ಕಸದ ಬುಟ್ಟಿಗಳ ತುಂಬ ಸತ್ತ ಕೊಡೆಗಳೇ. ನಮ್ಮದನ್ನೂ ಸೇರಿಸಿದೆವು.

‘ಬ್ರಾಡ್‌ವೇ’, ‘ಆಫ್-ಬ್ರಾಡ್‌ವೇ’ ಎಂಬುದು ರಸ್ತೆಯ ಲೆಕ್ಕವಲ್ಲ, ಕುರ್ಚಿಗಳ ಲೆಕ್ಕ. 500 ಮತ್ತು ಅದಕ್ಕಿಂತ ಹೆಚ್ಚು ಕುರ್ಚಿಗಳಿದ್ದರೆ ಬ್ರಾಡ್‌ವೇ, ನೂರರಿಂದ 499ರ ತನಕ ಆಫ್-ಬ್ರಾಡ್‌ವೇ, ಅದಕ್ಕಿಂತ ಚಿಕ್ಕದಾದರೆ ಆಫ್-ಆಫ್. ಬ್ಯಾರೋ ಸ್ಟ್ರೀಟಿನದು ಇನ್ನೂರು ಜನಕ್ಕೂ ಸಾಲದ ಜಾಗ. ಅದೂ ಸ್ವಂತ ಕಟ್ಟಡವಲ್ಲ. 1902ರಲ್ಲಿ ವಲಸಿಗ ಕುಟುಂಬಗಳ ನೆರವಿಗೆ ಹುಟ್ಟಿದ ಗ್ರೀನಿಚ್ ಹೌಸ್ ಎಂಬ ಸೇವಾಸಂಸ್ಥೆಯ ಇಟ್ಟಿಗೆ ಕಟ್ಟಡದೊಳಗೆ ಒಂದು ಸಭಾಂಗಣ. ಒಳಗೆ ಹೋದರೆ ಯಾವುದೋ ಹಳೆಯ ಹೈಸ್ಕೂಲಿಗೆ ಬಂದ ಹಾಗೆ ಇತ್ತು.

ನಾನು ಕೂತ ಕೂಡಲೇ ತಲೆ ಎತ್ತಿ ಲೈಟುಗಳನ್ನು ಹುಡುಕಿದೆ. ಅದು ಚಾಳಿ. ಹಾಲ್ ಲೈಟು ಆರುತ್ತದೆ ಎಂದು ಕಾದೆ, ಆರಲೇ ಇಲ್ಲ. ಪ್ರೇಕ್ಷಕರು ಮೂರು ಕಡೆ, ನಡುವೆ ಖಾಲಿ ನೆಲದ ಮೇಲೆ ಎರಡು ಮೇಜು, ಒಂದಿಷ್ಟು ಕುರ್ಚಿ. ಜೀನ್ಸು, ಸ್ವೆಟರು ಹಾಕಿಕೊಂಡು, ನಮ್ಮ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ನಟರು. ಎದುರು ಸಾಲಿನವರು ಕೆಮ್ಮುವುದು, ಗಡಿಯಾರ ನೋಡುವುದು ಎಲ್ಲ ಕಾಣುತ್ತದೆ. ಇಷ್ಟು ಬೆಳಕಿನಲ್ಲಿ ನಾಟಕ ಹೇಗೆ ಕಟ್ಟುತ್ತಾರಪ್ಪ ಎಂದು ನನಗೆ ನಿಜಕ್ಕೂ ಹೊಟ್ಟೆ ಹಿಂಡಿತು.

ಕಥೆ ಇಷ್ಟೆ. ಗ್ರೋವರ್ಸ್ ಕಾರ್ನರ್ಸ್ ಎಂಬ ಕಲ್ಪನೆಯ ಊರು, ಅಕ್ಕಪಕ್ಕದ ಎರಡು ಮನೆಗಳು. 1901ರ ಮೇ ತಿಂಗಳ ಒಂದು ಸಾಮಾನ್ಯ ದಿನ ಮೊದಲ ಅಂಕ. 1904ರಲ್ಲಿ ಆ ಮನೆಯ ಎಮಿಲಿಗೂ ಈ ಮನೆಯ ಜಾರ್ಜನಿಗೂ ಮದುವೆ. ಮೂರನೆಯದು 1913, ಗುಡ್ಡದ ಮೇಲಿನ ಸ್ಮಶಾನ. ಹೆರಿಗೆಯಲ್ಲಿ ಸತ್ತ ಎಮಿಲಿ ಉಳಿದ ಸತ್ತವರ ನಡುವೆ ಬಂದು ಕೂರುತ್ತಾಳೆ. ಇದನ್ನೆಲ್ಲ ನಡೆಸಿಕೊಡುವವನು ಸ್ಟೇಜ್ ಮ್ಯಾನೇಜರ್ ಎಂಬ ಪಾತ್ರ. ಕಥೆ ಹೇಳುತ್ತಾನೆ, ಬೇಕಾದಾಗ ನಿಲ್ಲಿಸುತ್ತಾನೆ, ಯಾರು ಯಾವಾಗ ಸಾಯುತ್ತಾರೆ ಎಂದು ಮೊದಲೇ ಹೇಳಿಬಿಡುತ್ತಾನೆ. ಭಾವ ನನ್ನ ಕಿವಿಯಲ್ಲಿ, “ಇವ ಭಾಗವತ ಅಲ್ದಾ? ಚಂಡೆ ಒಂದು ಇಲ್ಲ” ಎಂದರು. ನಾಟಕ ಶುರುವಾದ ಕೂಡಲೇ ಆತ ಊರಿನ ಅಕ್ಷಾಂಶ ರೇಖಾಂಶ ಹೇಳುತ್ತಾನೆ: 42 ಡಿಗ್ರಿ 40 ನಿಮಿಷ, 70 ಡಿಗ್ರಿ 37 ನಿಮಿಷ. ಭಾವ ಜೇಬಿನಿಂದ ಪೆನ್ನು ತೆಗೆದು ಟಿಕೆಟಿನ ಹಿಂದೆ ಅದನ್ನು ಬರೆದುಕೊಂಡದ್ದನ್ನು ನಾನು ನೋಡಿದೆ. ಯಾಕೆಂದು ಆಗ ಕೇಳಲಿಲ್ಲ.

ಈಗ ಮುಖ್ಯ ಸಂಗತಿ. ಆಗಿನ ಪತ್ರಿಕೆಗಳ ವಿಮರ್ಶಕರು ಇದನ್ನು ಬಿಟ್ಟುಕೊಡದೆ ಬರೆಯಲು ಹೆಣಗಾಡಿದ್ದರು. ಪ್ರದರ್ಶನ ಮುಗಿದು ಕಾಲವಾಯಿತು, ಹೇಳಿದರೆ ತಪ್ಪಿಲ್ಲ. ಸತ್ತ ಎಮಿಲಿ ತನ್ನ ಬದುಕಿನ ಒಂದೇ ಒಂದು ದಿನಕ್ಕೆ ಮರಳಿ ಹೋಗುತ್ತೇನೆ ಎಂದು ಹಟ ಹಿಡಿದು, 12ನೇ ಹುಟ್ಟುಹಬ್ಬದ ಬೆಳಗನ್ನು ಆರಿಸುತ್ತಾಳೆ. ಅಲ್ಲಿಯವರೆಗೆ ಎಲ್ಲವೂ ಅಭಿನಯ. ಇಲ್ಲದ ಒಲೆ, ಇಲ್ಲದ ಪಾತ್ರೆ, ಬರಿಗೈಯಲ್ಲಿ ಸುಲಿಯುವ ಹುರುಳಿಕಾಯಿ. ಸ್ಟೇಜ್ ಮ್ಯಾನೇಜರ್ ಹಿಂಬದಿಗೆ ನಡೆದು ಒಂದು ಪರದೆ ಸರಿಸಿದ. ಅಲ್ಲೊಂದು ಇಡೀ ಅಡುಗೆಮನೆ! ಹಳೆಯ ಕಾಲದ ಒಲೆ, ಕಪಾಟು, ಪಕ್ಕದಿಂದ ಬೀಳುವ ಬೆಳಗಿನ ಬಿಸಿಲು, ಆ ಕಾಲದ ಉದ್ದ ಲಂಗದಲ್ಲಿ ತಾಯಿ. ಬಾಣಲೆಯಲ್ಲಿ ಬೇಕನ್ ಚುರ್ ಎನ್ನುತ್ತಿದೆ, ಕಾಫಿ ಕುದಿಯುತ್ತಿದೆ. ಎಮಿಲಿ ಮಾತ್ರ ಇಂದಿನ ಬಟ್ಟೆಯಲ್ಲಿ ಹೊರಗೆ ನಿಂತಿದ್ದಾಳೆ. ಮೊದಲು ಸದ್ದು ಬಂತು. ಒಂದೆರಡು ಕ್ಷಣ ಬಿಟ್ಟು ಹಂದಿಕೊಬ್ಬಿನ ಆ ಹೊಗೆವಾಸನೆ ಸಾಲು ಸಾಲಾಗಿ ಹಿಂದಕ್ಕೆ ಹರಡಿತು. ಅದು ಎಲ್ಲಿಗೆ ತಲುಪಿದೆ ಎಂಬುದನ್ನು ಎದುರು ಸಾಲಿನವರ ಮುಖದಲ್ಲೇ ನೋಡಬಹುದಿತ್ತು. ಬಿಸಿಲಿನ ಲೈಟನ್ನು ಎಲ್ಲಿ ಕಟ್ಟಿದ್ದಾರೆ ಎಂದು ಹುಡುಕುವುದನ್ನು ನಾನು ಮರೆತೆ. ಅಕ್ಕ ಶಾಲನ್ನು ಮೂಗಿಗೆ ಒತ್ತಿಹಿಡಿದು ಅಳುತ್ತಿದ್ದಳು.

ಹೊರಗೆ ಮಳೆ ನಿಂತಿರಲಿಲ್ಲ. ಬಾಗಿಲ ಬಳಿ ನಿಂತಿದ್ದವರಲ್ಲಿ ಮಾತು ಹತ್ತಿಕೊಂಡಿತು. ಅದನ್ನು ಮುಗಿಸಲಾಗದೆ ಒಂದು ಸಣ್ಣ ಗುಂಪು ಸೆವೆಂತ್ ಅವೆನ್ಯೂ ಮೇಲಿನ ಡೈನರೊಂದಕ್ಕೆ ಹೋದಾಗ ನಮ್ಮನ್ನೂ ಕರೆದರು. ಕ್ವೀನ್ಸ್ ಕಡೆಯ ನಿವೃತ್ತ ಮೇಡಂ ಒಬ್ಬರು, ನಾಟಕ ಓದುತ್ತಿದ್ದ ಹುಡುಗ, ಒಂದು ಮಧ್ಯವಯಸ್ಸಿನ ಜೋಡಿ.

ಮೇಡಂಗೆ ಸಿಟ್ಟಿದ್ದದ್ದು ಶಾಲೆಗಳ ಮೇಲೆ. “ಈ ದೇಶದಲ್ಲಿ ಹೈಸ್ಕೂಲು ದಾಟಿದವರೆಲ್ಲ ಈ ನಾಟಕ ಮಾಡಿದ್ದಾರೆ, ಇಲ್ಲವೇ ನೋಡಿದ್ದಾರೆ. ನಾನೂ ಮಕ್ಕಳ ಕೈಲಿ ಮಾಡಿಸಿದ್ದೇನೆ. ಎಲ್ಲರೂ ಸೇರಿ ಇದನ್ನು ಸಕ್ಕರೆಪಾಕ ಮಾಡಿಟ್ಟೆವು. ಓದಿ ನೋಡಿ, ಎಷ್ಟು ಕಠೋರ ನಾಟಕ! ಸತ್ತವರು ಬದುಕಿರುವವರನ್ನು ಮೆಲ್ಲಗೆ ಮರೆಯುತ್ತ ಹೋಗುತ್ತಾರೆ. ಚರ್ಚಿನ ಸಂಗೀತ ಮೇಷ್ಟ್ರು ಕುಡಿದು ಕುಡಿದು ನೇಣು ಹಾಕಿಕೊಳ್ಳುತ್ತಾನೆ, ಊರಿನವರು ನೋಡುತ್ತ ಕೂರುತ್ತಾರೆ.” ಕ್ರೋಮರ್ ಹಳ್ಳಿಯ ರಾಗದ ಮಾತು ತೆಗೆದುಹಾಕಿದ್ದೇ ದೊಡ್ಡ ಉಪಕಾರ ಎಂಬುದು ಅವರ ವಾದ.

ಹುಡುಗನದು ಬೇರೆ ತಕರಾರು. ಅಡುಗೆಮನೆ ಮೋಸ ಎಂದ. ಪರದೆ ಬೇಡ, ಸೀನರಿ ಬೇಡ ಎಂದು ವೈಲ್ಡರ್ ಮೊದಲ ಸಾಲಿನಲ್ಲೇ ಬರೆದಿದ್ದಾನೆ. ಖಾಲಿ ರಂಗವೇ ಆ ನಾಟಕದ ಉಸಿರು. ಕೊನೆಗೆ ಬಂದು ನಿಜವಾದ ಒಲೆ ಹಚ್ಚಿದರೆ ಅದು ನಾಟಕಕಾರನ ಮೇಲೆ ನಿರ್ದೇಶಕ ತನ್ನ ರುಜು ಹಾಕಿದ ಹಾಗೆ. “ಬೇಕನ್ ವಾಸನೆಗೆ ಯಾರಿಗೆ ತಾನೆ ಅಮ್ಮ ನೆನಪಾಗುವುದಿಲ್ಲ? ಅದು ಅಗ್ಗದ ಕಣ್ಣೀರು.”

“ನನಗೆ ನೆನಪಾಗುವುದಿಲ್ಲ,” ಎಂದಳು ಅಕ್ಕ. ಮೇಜು ಸುಮ್ಮನಾಯಿತು. “ನಾನು ಮಾಂಸ ಮುಟ್ಟಿದವಳಲ್ಲ. ನಮ್ಮ ಮನೆಯಲ್ಲಿ ಬೆಳಗ್ಗೆ ಏಳುವಾಗ ಬರುತ್ತಿದ್ದದ್ದು ಒಗ್ಗರಣೆ ವಾಸನೆ. ಇದು ನನಗೆ ಹೊಟ್ಟೆ ತೊಳಸುವ ವಾಸನೆ. ಆದರೂ ಅತ್ತೆ. ಯಾಕೆ ಹೇಳು?”

ಹುಡುಗನ ಹತ್ತಿರ ಉತ್ತರ ಇರಲಿಲ್ಲ, ಆದರೆ ಸೋಲಲಿಲ್ಲ. ನಾನು ಗುಬ್ಬಿ ವೀರಣ್ಣನವರ ಕಂಪನಿಯ ಕಥೆ ಹೇಳಿದೆ, ಕುರುಕ್ಷೇತ್ರ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆಯನ್ನೇ ತರುತ್ತಿದ್ದರು ಎಂದು. “ನೋಡಿ, ನಾನು ಹೇಳಿದ್ದೂ ಅದೇ. ಬೇಕನ್ನೂ ಆನೆಯೇ,” ಎಂದ ತಕ್ಷಣ. ಜೋಡಿಯ ಗಂಡಸು ತಲೆಯಾಡಿಸಿದ. ಆನೆ ಬರುವುದು ನೋಡುವವರು ಬೆರಗಾಗಲಿ ಎಂದು. ಈ ಅಡುಗೆಮನೆ ಬಂದದ್ದು ಎಮಿಲಿಗೆ ತಡೆಯಲಾಗಬಾರದು ಎಂದು. ಎರಡು ಅಂಕ ನಮ್ಮ ಕೈಲಿ ಒಲೆ, ಕಿಟಕಿ, ಬಾಣಲೆ ಎಲ್ಲವನ್ನೂ ಊಹಿಸಿಕೊಳ್ಳಲು ಬಿಟ್ಟು, ನಾವು ಊಹಿಸಿದ್ದೆಲ್ಲ ಎಷ್ಟು ತೆಳುವಾಗಿತ್ತು ಎಂದು ತೋರಿಸುತ್ತಾರಲ್ಲ, ಅವಳಿಗೆ ಆಗುವುದೂ ಅದೇ ಎಂದ. ನನಗೆ ಇದೇ ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಭಾವ ಅಷ್ಟು ಹೊತ್ತೂ ಪಾನ್‌ಕೇಕ್ ತಿನ್ನುತ್ತಿದ್ದರು. ಜೊತೆಗೆ ಎರಡು ತುಂಡು ಬೇಕನ್. ಊರು ಬಿಟ್ಟ ಮೇಲೆ ಅವರು ಯಾವುದನ್ನೂ ಬಿಟ್ಟವರಲ್ಲ.

ಶುಕ್ರವಾರ: ಹ್ಯಾಮ್‌ಡೆನ್, ನ್ಯೂ ಹೇವನ್, ಒಂದು ವೈಪರ್

ಮಳೆಯಲ್ಲೇ ಹೊರಟೆವು. ಕನೆಕ್ಟಿಕಟ್‌ನ ಹ್ಯಾಮ್‌ಡೆನ್‌ನಲ್ಲಿ ಮೊದಲ ನಿಲುಗಡೆ. ವೈಲ್ಡರ್ ಬದುಕಿನ ಹೆಚ್ಚು ಕಾಲ ಮನೆ ಎಂದುಕೊಂಡದ್ದು ಈ ಊರು. 1975ರ ಡಿಸೆಂಬರ್‌ನಲ್ಲಿ ತೀರಿಕೊಂಡು ಮಣ್ಣಾದದ್ದೂ ಇಲ್ಲೇ, ಮೌಂಟ್ ಕಾರ್ಮೆಲ್ ಸ್ಮಶಾನದಲ್ಲಿ. ಕಾದಂಬರಿಗೂ ನಾಟಕಕ್ಕೂ ಎರಡಕ್ಕೂ ಪುಲಿಟ್ಜರ್ ಪ್ರಶಸ್ತಿ ಪಡೆದ ಒಬ್ಬನೇ ಲೇಖಕ. ಕಾದಂಬರಿಗೆ 1928ರಲ್ಲಿ, ಈ ನಾಟಕಕ್ಕೆ 1938ರಲ್ಲಿ, ಇನ್ನೊಂದು ನಾಟಕಕ್ಕೆ 1943ರಲ್ಲಿ. ಅಂಥವನ ಹೆಸರನ್ನು ಹುಡುಕಲು ನಾವು ಒದ್ದೆ ಹುಲ್ಲಿನಲ್ಲಿ ಸಾಕಷ್ಟು ಅಲೆಯಬೇಕಾಯಿತು. ಫಲಕ, ಬಾಣದ ಗುರುತು ಏನೂ ಇಲ್ಲ. ಬಂಧುಗಳ ಜೊತೆಗೆ ಅವನೂ ಒಬ್ಬ. ಸ್ಮಶಾನದ ಆಚೆ ಅಂಗಾತ ಮಲಗಿದ ಮನುಷ್ಯನ ಆಕಾರದ ಗುಡ್ಡಸಾಲು, ಅಲ್ಲಿಯವರು ಕರೆಯುವುದೂ ‘ಮಲಗಿದ ದೈತ್ಯ’ ಎಂದೇ. ಅವತ್ತು ದೈತ್ಯನ ಗಲ್ಲದ ಮೇಲಿನದ್ದೆಲ್ಲ ಮೋಡದಲ್ಲಿತ್ತು.

ನ್ಯೂ ಹೇವನ್‌ನ ವೂಸ್ಟರ್ ಸ್ಟ್ರೀಟಿನಲ್ಲಿ ಪಿಜ್ಜಾ ತಿನ್ನದೆ ಆ ದಾರಿಯಲ್ಲಿ ಹೋಗಬಾರದು ಎಂದು ಭಾವನ ಆಫೀಸಿನವರು ಹೇಳಿಕಳಿಸಿದ್ದರು. 1925ರಿಂದ ಕಲ್ಲಿದ್ದಲ ಒಲೆಯಲ್ಲಿ ಬೇಯಿಸುವ ಫ್ರಾಂಕ್ ಪೆಪೆ ಅಂಗಡಿಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಿಂತರೆ ಕುರ್ಚಿ ಸಿಗುತ್ತದೆ, ಅರ್ಧ ಗಂಟೆ ತಡವಾದರೆ ಸಾಲು ಬೀದಿಗೆ ಬರುತ್ತದೆ. ಭಾವ ಅಲ್ಲಿಯ ಹೆಸರುವಾಸಿ ಕ್ಲಾಮ್ ಪಿಜ್ಜಾ ತರಿಸಿದರು. ಚೀಸ್ ಹೆಚ್ಚಿಲ್ಲ, ಟೊಮೆಟೊ ಇಲ್ಲ, ಬೆಳ್ಳುಳ್ಳಿ ಮತ್ತು ಚಿಪ್ಪಿನ ಮಾಂಸ. “ನಮ್ಮ ಮರುವಾಯಿಯೇ ಮಾರಾಯ, ಮಸಾಲೆ ಒಂದು ಕಮ್ಮಿ,” ಎಂದು ಒಬ್ಬರೇ ಮುಗಿಸಿದರು. ಅಕ್ಕನಿಗೂ ನನಗೂ ಬರೀ ಟೊಮೆಟೊ ಹಚ್ಚಿದ್ದು ಬಂತು, ಅಂಚೆಲ್ಲ ಕರಿ ಕರಿ. ಸೀದಿದೆ ಎಂದು ವಾಪಸ್ ಕೊಡಬೇಡಿ, ಅದರ ರುಚಿ ಇರುವುದೇ ಅಲ್ಲಿ.

ಮ್ಯಾಸಚೂಸೆಟ್ಸ್‌ಗೆ ಬಂದು ವುಸ್ಟರ್ ದಾಟಿ ಫಿಚ್‌ಬರ್ಗ್ ಹತ್ತಿರ ಹೋಗುವಾಗ ಡ್ರೈವರ್ ಬದಿಯ ವೈಪರಿನ ರಬ್ಬರು ಕಿತ್ತುಬಂದು ಗಾಜಿನ ಮೇಲೆ ಹಾವಿನ ಹಾಗೆ ಹೊರಳಾಡತೊಡಗಿತು. ಏನೂ ಕಾಣದು. ಹಿಂದೆ ಲಾರಿಗಳು. ಭಾವ ಕುಂದಾಪುರದ ಭಾಷೆಯಲ್ಲಿ ಇಲ್ಲಿ ಬರೆಯಲಾಗದ್ದನ್ನು ಹೇಳಿ, ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು, ನಿಧಾನಕ್ಕೆ ಉರುಳಿಸಿಕೊಂಡು ಬಿಡಿಭಾಗಗಳ ಅಂಗಡಿಯೊಂದಕ್ಕೆ ತಂದರು. ಆ ಕಡೆ ವೈಪರ್ ಕೊಂಡರೆ ಹಾಕಿಕೊಡಲು ಬೇರೆ ದುಡ್ಡು ಕೇಳುವುದಿಲ್ಲ. ಕೌಂಟರಿನಲ್ಲಿದ್ದ ದಪ್ಪ ಮನುಷ್ಯ ಮಳೆಯಲ್ಲೇ ಹೊರಗೆ ಬಂದು ಹಾಕಿಕೊಟ್ಟ. ಎಲ್ಲಿಗೆ ಪಯಣ ಎಂದ. ನ್ಯೂ ಹ್ಯಾಂಪ್‌ಶೈರಿನ ಪೀಟರ್‌ಬರೋ, ಗ್ರೋವರ್ಸ್ ಕಾರ್ನರ್ಸ್‌ಗೆ ಮಾದರಿ ಎನ್ನುವ ಊರು, ಹೀಗೆ ಒಂದು ನಾಟಕದ ಹಿಂದೆ ಬಿದ್ದಿದ್ದೇವೆ ಎಂದೆವು.

“ನಾನು ಅದರಲ್ಲಿ ಹಾಲು ಹಾಕುವವನಾಗಿದ್ದೆ,” ಎಂದ. ಹನ್ನೊಂದನೇ ಕ್ಲಾಸಿನಲ್ಲಂತೆ. ಆ ಪಾತ್ರಕ್ಕೆ ಒಂದು ಕುದುರೆ ಇದೆ, ಬೆಸ್ಸಿ ಎಂದು. ಅದೂ ಕಣ್ಣಿಗೆ ಕಾಣದ ಕುದುರೆ. ಆತ ಕೈಯಲ್ಲಿದ್ದ ಹಳೆಯ ವೈಪರನ್ನು ಕಂಕುಳಿಗೆ ಸಿಕ್ಕಿಸಿ, ಇಲ್ಲದ ಕುದುರೆಯ ಮೂತಿ ಹಿಡಿದು, “ಹೋ, ಬೆಸ್ಸಿ!” ಎಂದು ನಮ್ಮ ಹೊಂಡಾ ಕಾರಿನ ಬಾನೆಟ್ಟು ತಟ್ಟಿದ. ಕ್ವೀನ್ಸ್ ಮೇಡಂ ಹೇಳಿದ್ದು ಸುಳ್ಳಲ್ಲ.

ಪೀಟರ್‌ಬರೋ ಸೇರುವಾಗ ಕತ್ತಲೆ. ಎಲೆ ನೋಡಲು ಬರುವವರು ಕೊಲಂಬಸ್ ದಿನದ ವಾರಾಂತ್ಯಕ್ಕೆ ಮುಗಿಬೀಳುತ್ತಾರೆ, ಅದರ ಮರುವಾರ ಹೋದರೆ ರೂಮು ಸಿಗುತ್ತದೆ, ಬಣ್ಣವೂ ಇನ್ನೂ ಉಳಿದಿರುತ್ತದೆ. ನಮಗೆ ಸಿಕ್ಕ ಮೋಟೆಲಿನ ಹೀಟರು ರಾತ್ರಿಯಿಡೀ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಸದ್ದು ಮಾಡಿತು. ಆರಿಸಿದರೆ ಚಳಿ, ಹಚ್ಚಿದರೆ ಕಮ್ಮಾರಸಾಲೆ.

ಶನಿವಾರ: ಪೀಟರ್‌ಬರೋ

ಬೆಳಗ್ಗೆ ಮಳೆ ಬಿಟ್ಟಿತ್ತು. ಬಣ್ಣದ ಬಗ್ಗೆ ಬರೆಯುವುದು ಕಷ್ಟ. ಮೇಪಲ್ ಮರಗಳ ಕೆಂಪು ಅರ್ಧ ನೆಲಕ್ಕಿಳಿದಿತ್ತು, ಒದ್ದೆಯಾಗಿ ಡಾಂಬರಿಗೆ ಅಂಟಿಕೊಂಡಿತ್ತು. ಓಕ್ ಮರಗಳು ಮಾತ್ರ ಇನ್ನೂ ಕಂದು ಹಸಿರಿನಲ್ಲೇ ಸತಾಯಿಸುತ್ತಿದ್ದವು.

ತಿಂಡಿಗೆ ಡಿಪೋ ಸ್ಟ್ರೀಟಿನ ಡೈನರಿಗೆ ಹೋದೆವು, ಹಳೆಯ ರೈಲು ಬೋಗಿಯಂಥ ಹಸಿರು ಡಬ್ಬ. ಒಳಗೆ ಕಾಲಿಟ್ಟರೆ ಅದೇ ವಾಸನೆ. ಗಾಜಿನ ಮೇಲೆ ಆವಿ, ಕಾವಲಿಯ ತುಂಬ ಬೇಕನ್, ಸಾಲಾಗಿ ಸ್ಟೂಲುಗಳ ಮೇಲೆ ಚೌಕಳಿ ಅಂಗಿಯ ಗಂಡಸರು. ನಾನು ಅಕ್ಕನ ಮುಖ ನೋಡಿದೆ.

“ಏನೂ ಅನ್ನಿಸ್ತಿಲ್ಲ ಕಣೋ,” ಎಂದಳು. “ಸುಮ್ಮನೆ ಬೇಕನ್ ವಾಸನೆ. ಆ ಹುಡುಗನಿಗೆ ಫೋನ್ ಮಾಡಿ ಹೇಳಬೇಕು.”

“ನಂಬರ್ ತಗೊಂಡಿದ್ಯಾ?” ಎಂದರು ಭಾವ.

“ಇಲ್ಲ ರೀ. ಅದೇ ಬೇಜಾರು.”

ಬಡಿಸುವ ಹೆಂಗಸಿಗೆ ನಾವು ಯಾತಕ್ಕೆ ಬಂದವರು ಎಂದು ಹೇಳುವುದೇ ಬೇಕಾಗಲಿಲ್ಲ. ಕ್ಯಾಮೆರಾ ನೋಡಿಯೇ, “ಎಲೆಯೋ ನಾಟಕವೋ?” ಎಂದಳು. ಎರಡೂ ಎಂದೆವು. ಊರಿನವರೇ ಇದನ್ನು ‘ಅವರ್ ಟೌನ್’ ಎಂದು ಕರೆದುಕೊಳ್ಳುತ್ತಾರೆ, ಅಂಗಡಿ ಬೋರ್ಡುಗಳಲ್ಲೂ ಇದೆ. ಆದರೆ ಅವಳು ಕಾಫಿ ಸುರಿಯುತ್ತ ಹೇಳಿದ್ದು ಬೇರೆ. ಬೇಸಿಗೆಯಲ್ಲಿ ಬರುವವರು, ಎಲೆಗೆ ಬರುವವರು ಊರು ಎಷ್ಟು ಚಂದ ಅನ್ನುತ್ತಾರೆ. ಫೆಬ್ರವರಿಯಲ್ಲಿ ಬನ್ನಿ, ಬಾಗಿಲ ಮುಂದಿನ ಹಿಮ ಕೆರೆದು ಕೆರೆದು ಸೊಂಟ ಬಿದ್ದುಹೋಗುತ್ತದೆ. ಎಮಿಲಿ ಮರಳಿ ಹೋಗುವ ಹುಟ್ಟುಹಬ್ಬ ಫೆಬ್ರವರಿ 11. ಅವಳಿಗೆ ಅದು ಗೊತ್ತಿತ್ತೋ ಇಲ್ಲವೋ, ನಾನು ಕೆದಕಲಿಲ್ಲ.

ಊರು ನಡೆದು ಮುಗಿಸುವಷ್ಟು ಚಿಕ್ಕದು. ಕಾಂಟೂಕುಕ್ ನದಿ, ಅದಕ್ಕೆ ಸೇರುವ ಹಳ್ಳ, ಇಟ್ಟಿಗೆಯ ಟೌನ್ ಹಾಲು, ಒಂದು ಒಳ್ಳೆಯ ಪುಸ್ತಕದಂಗಡಿ. ಜನರ ತೆರಿಗೆಯ ಹಣದಿಂದ ನಡೆಯುವ ಉಚಿತ ಗ್ರಂಥಾಲಯವನ್ನು 1833ರಷ್ಟು ಹಿಂದೆಯೇ ಕಟ್ಟಿಕೊಂಡದ್ದು ಈ ಊರಿನವರ ಹೆಮ್ಮೆ. ನಾವು ಅಲ್ಲಿ ಕೂತು ನಾಟಕದ ಪ್ರತಿಯನ್ನು ತಿರುವಿದೆವು. ಆಗ ಸಿಕ್ಕಿತು ನೋಡಿ. ಮೂರನೇ ಅಂಕದಲ್ಲಿ ಸ್ಟೇಜ್ ಮ್ಯಾನೇಜರ್ ಗುಡ್ಡದ ಮೇಲಿಂದ ಕಾಣುವ ಊರುಗಳನ್ನು ಹೆಸರಿಸುತ್ತಾನೆ. ಜಾಫ್ರಿ, ಡಬ್ಲಿನ್, ಪೀಟರ್‌ಬರೋ. ಇನ್ನೂ ಕೆಳಗೆ, ದೂರದಲ್ಲಿ ಗ್ರೋವರ್ಸ್ ಕಾರ್ನರ್ಸ್. ಅಂದರೆ ನಾಟಕದೊಳಗೆ ಪೀಟರ್‌ಬರೋ ಬೇರೆಯೇ ಊರು! ಪಕ್ಕದೂರಿನ ಹೆಸರು ಹಾಕಿಕೊಂಡು ಇವರು ಬೋರ್ಡು ಬರೆಸಿದ್ದಾರೆ ಎಂದು ಭಾವನಿಗೆ ಖುಷಿಯೋ ಖುಷಿ.

ಆದರೂ ನಂಟು ಸುಳ್ಳಲ್ಲ. ಊರಾಚೆ ಕಾಡಿನಲ್ಲಿ ಮ್ಯಾಕ್‌ಡೊವೆಲ್ ಕಾಲೊನಿ ಇದೆ, 2020ರಿಂದ ಹೆಸರಿನಲ್ಲಿ ‘ಕಾಲೊನಿ’ ಇಲ್ಲ. ಸಂಗೀತ ರಚನಕಾರ ಎಡ್ವರ್ಡ್ ಮ್ಯಾಕ್‌ಡೊವೆಲ್, ಅವನ ಹೆಂಡತಿ ಮರಿಯನ್ 1907ರಲ್ಲಿ ಕಟ್ಟಿದ್ದು. ಮರಗಳ ನಡುವೆ ದೂರ ದೂರ ಒಂಟಿ ಕುಟೀರಗಳು. ಬರೆಯುವವರು, ಚಿತ್ರ ಬಿಡಿಸುವವರು, ಸಂಗೀತ ಮಾಡುವವರು ಅಲ್ಲಿ ಕೂತು ಕೆಲಸ ಮಾಡುತ್ತಾರೆ. ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿ ತಂದು, ಬಾಗಿಲು ತಟ್ಟದೆ, ಹೊಸ್ತಿಲಲ್ಲಿಟ್ಟು ಹೋಗುತ್ತಾರಂತೆ. ಅಕ್ಕನಿಗೆ ಕಾಲೊನಿಯಲ್ಲಿ ಅತಿ ಇಷ್ಟವಾದ ಸಂಗತಿ ಅದು. “ಬೇಯಿಸಿ, ತಂದಿಟ್ಟು, ಮಾತೂ ಆಡದೆ ಹೋಗೋದಾ? ನಾನೂ ಕಾದಂಬರಿ ಬರೀತೀನಿ!” ವೈಲ್ಡರ್ ಅಲ್ಲಿಗೆ ಮತ್ತೆ ಮತ್ತೆ ಬಂದಿದ್ದ, 1937ರ ಬೇಸಿಗೆಯಲ್ಲಿ ಈ ನಾಟಕದ ಕೆಲಸ ಮಾಡಿದ್ದ. ಇನ್ನಷ್ಟನ್ನು ಬರೆದದ್ದು ಸ್ವಿಟ್ಜರ್ಲೆಂಡಿನ ಜೂರಿಕ್ ಬಳಿ. ನಮ್ಮಂಥವರಿಗೆ ಕುಟೀರಗಳ ಕಡೆ ಪ್ರವೇಶವಿಲ್ಲ, ಆಗ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತಿದ್ದದ್ದು ಆಗಸ್ಟಿನ ಒಂದು ದಿನ ಮಾತ್ರ. ರಸ್ತೆಯಿಂದಲೇ ನೋಡಿಕೊಂಡು ಬಂದೆವು.

ಈಸ್ಟ್ ಹಿಲ್‌ನ ಹಳೆಯ ಸ್ಮಶಾನ ಹತ್ತಿ ಹೋದಾಗ ಗಾಳಿ ಎದ್ದಿತ್ತು. ಬಗ್ಗಿದ ಬಳಪದ ಕಲ್ಲುಗಳು, ಒಂದೇ ಹೆಸರು ತಲೆಮಾರು ತಲೆಮಾರಿಗೆ, ಸೈನಿಕರ ಗೋರಿಗಳ ಪಕ್ಕ ಸಣ್ಣ ಬಾವುಟಗಳು. ನಾಟಕದಲ್ಲಿ ಹೇಳಿದ್ದೆಲ್ಲ ಇದೆ, ಕೈ ತೋರಿಸಿ ಪಟ್ಟಿ ಮಾಡಬಹುದು. ಆದರೆ ನಿಜ ಹೇಳಬೇಕೆಂದರೆ ನನಗೆ ಅಲ್ಲಿ ಗ್ರೋವರ್ಸ್ ಕಾರ್ನರ್ಸ್ ಕಾಣಿಸಲಿಲ್ಲ. ಬ್ಯಾರೋ ಸ್ಟ್ರೀಟಿನಲ್ಲಿ, ಆರದ ಹಾಲ್ ಲೈಟಿನ ಕೆಳಗೆ, ಮರದ ಕುರ್ಚಿಗಳ ಮೇಲೆ ಸುಮ್ಮನೆ ಎದುರು ನೋಡುತ್ತ ಕೂತಿದ್ದ ಆ ನಟರೇ ಇದಕ್ಕಿಂತ ಹೆಚ್ಚು ಸತ್ತಿದ್ದರು.

ಮಧ್ಯಾಹ್ನ ಮೊನಾಡ್ನಾಕ್ ಬೆಟ್ಟ. 3,165 ಅಡಿ, ಜಗತ್ತಿನಲ್ಲೇ ಅತಿ ಹೆಚ್ಚು ಜನ ಹತ್ತುವ ಬೆಟ್ಟಗಳಲ್ಲಿ ಒಂದು ಎನ್ನುತ್ತಾರೆ. ತುದಿ ಬೋಳು. ಇನ್ನೂರು ವರ್ಷಗಳ ಹಿಂದೆ ತೋಳಗಳು ಅಡಗಿವೆ ಎಂದು ರೈತರು ಹಚ್ಚಿದ ಬೆಂಕಿಗೆ ಮರವೂ ಹೋಯಿತು, ಮಣ್ಣೂ ಹೋಯಿತು, ಮತ್ತೆ ಬೆಳೆಯಲೇ ಇಲ್ಲ. ವೈಟ್ ಡಾಟ್ ಎಂಬ ಕಡಿದಾದ ದಾರಿಯಲ್ಲಿ ಬಂಡೆ ಹಿಡಿದು ಹತ್ತುತ್ತಿದ್ದಾಗ, ಮೇಲಿಂದ ಇಳಿದು ಬಂದ ಅಜ್ಜನೊಬ್ಬ ನನ್ನ ಸ್ಪೋರ್ಟ್ಸ್ ಶೂ ನೋಡಿ ನಿಂತ. ಮೇಲೆ ಕಲ್ಲಿನ ಮೇಲೆಲ್ಲ ಹಿಮ ಕಟ್ಟಿದೆ, ಇವತ್ತು ಬೇಡ ಎಂದ. ತನ್ನ ಥರ್ಮಾಸಿನಿಂದ ಸೇಬಿನ ಬಿಸಿ ಸೈಡರ್ ಕೊಟ್ಟ. ಮರಗಳು ಮುಗಿಯುವ ಜಾಗದಲ್ಲಿ ಕೂತು ಅದನ್ನು ಕುಡಿದು, ಮೋಡದ ಎಡೆಯಲ್ಲಿ ಕಂಡಷ್ಟು ಕಣಿವೆ ನೋಡಿ ಇಳಿದೆ. ಕೆಳಗೆ ಕಾರಿನಲ್ಲಿ ಭಾವ ಜಿಪಿಎಸ್ ಹಿಡಿದುಕೊಂಡು ಒಬ್ಬರೇ ನಗುತ್ತಿದ್ದರು. ಪಕ್ಕದಲ್ಲಿ ನಾಟಕದ ಆ ಟಿಕೆಟು.

“ಬಾ ಇಲ್ಲಿ. ನಿನ್ನ ಊರು ಎಲ್ಲಿ ಉಂಟು ಗೊತ್ತುಂಟಾ? ಸಮುದ್ರದಲ್ಲಿ!”

42 ಡಿಗ್ರಿ 40 ನಿಮಿಷ ಉತ್ತರ, 70 ಡಿಗ್ರಿ 37 ನಿಮಿಷ ಪಶ್ಚಿಮ. ಪರದೆಯ ಮೇಲೆ ಸಣ್ಣ ಬಾವುಟ, ಸುತ್ತ ನೀಲಿ. ನ್ಯೂ ಹ್ಯಾಂಪ್‌ಶೈರೇ ಅಲ್ಲ, ಮ್ಯಾಸಚೂಸೆಟ್ಸ್‌ನ ರಾಕ್‌ಪೋರ್ಟ್ ಊರಿನ ದಡದಾಚೆ. ಭಾನುವಾರ ನೇರ ಮನೆಗೆ ಎಂದಿದ್ದ ಮನುಷ್ಯ, “ನಾಳೆ ಅಲ್ಲಿಗೆ ಹೋಪ,” ಎಂದರು.

ಭಾನುವಾರ: ರಾಕ್‌ಪೋರ್ಟ್

ರಾಕ್‌ಪೋರ್ಟಿಗೆ ಕಾರಿಲ್ಲದವರೂ ಬಾಸ್ಟನ್‌ನ ನಾರ್ತ್ ಸ್ಟೇಷನ್‌ನಿಂದ ಲೋಕಲ್ ರೈಲಿನಲ್ಲಿ ಬರಬಹುದು, ಕೊನೆಯ ನಿಲ್ದಾಣವೇ ಈ ಊರು. ನಾವು ತಲುಪುವಾಗ ಗಾಳಿಮಳೆ. ಬೇಸಿಗೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲವಂತೆ, ಅವತ್ತು ಅರ್ಧ ಅಂಗಡಿ ಮುಚ್ಚಿದ್ದವು. ಬಂದರಿನ ನಡುವೆ ಕೆಂಪು ಬಣ್ಣದ ಮೀನುಗಾರರ ಗುಡಿಸಲೊಂದಿದೆ. ಚಿತ್ರಗಾರರು ಅದನ್ನು ಬಿಡಿಸಿ ಬಿಡಿಸಿ ‘ಮೋಟಿಫ್ ನಂಬರ್ 1’ ಎಂದೇ ಹೆಸರಿಟ್ಟಿದ್ದಾರೆ. 1978ರ ದೊಡ್ಡ ಹಿಮಗಾಳಿಗೆ ಅದು ಕೊಚ್ಚಿಹೋಯಿತು, ಈಗಿರುವುದು ಹಾಗೇ ಮತ್ತೆ ಕಟ್ಟಿದ್ದು. ಅದು ನಕಲು ಎಂದು ಗೊತ್ತಿದ್ದೂ ಎಲ್ಲರೂ ಫೋಟೊ ತೆಗೆಯುತ್ತಾರೆ. ನಾವೂ ತೆಗೆದೆವು.

ಬೇರ್‌ಸ್ಕಿನ್ ನೆಕ್ ಎಂಬ ಕಿರಿದಾದ ಭೂಶಿರದ ತುದಿಗೆ ನಡೆದೆವು. ಭಾವ ಎರಡೂ ಕೈಯಲ್ಲಿ ಜಿಪಿಎಸ್ ಹಿಡಿದು ದೇವರ ಉತ್ಸವಮೂರ್ತಿ ಹೊತ್ತವರ ಹಾಗೆ ಮುಂದೆ. ಕನ್ನಡಕದ ಮೇಲೆ ಉಪ್ಪುನೀರು. ಕಲ್ಲಿನ ಕೊನೆಯಲ್ಲಿ ನಿಂತು ನೀರಿನ ಕಡೆ ಬೆರಳು ಮಾಡಿ, “ಅಕಾ, ಅಲ್ಲಿ,” ಎಂದರು. ಬೂದು ನೀರು, ಬಿಳಿ ನೊರೆ, ದೂರದಲ್ಲಿ ಕಲ್ಲಿನ ಒಂದು ಕಪ್ಪು ಗೆರೆ.

ಅದೇನು ಎಂದು ಹಗ್ಗ ಸುತ್ತುತ್ತಿದ್ದ ಲಾಬ್‌ಸ್ಟರ್ ಹಿಡಿಯುವವನೊಬ್ಬನನ್ನು ಕೇಳಿದೆವು. ಹಿಂದೆ ಸರಕಾರ ಇಲ್ಲೊಂದು ಭಾರೀ ಬಂದರು ಮಾಡಲು ಹೊರಟಿತ್ತಂತೆ. ಇದೇ ಊರಿನ ಗಣಿಗಳಿಂದ ಗ್ರಾನೈಟ್ ತೆಗೆದು ವರ್ಷಗಟ್ಟಲೆ ಸಮುದ್ರಕ್ಕೆ ಸುರಿದು, ಅಲೆತಡೆಯನ್ನು ಅರ್ಧಕ್ಕೇ ಬಿಟ್ಟರು. ಈಗ ದೋಣಿಗಳಿಗೆ ಅದೇ ಅಪಾಯ. ಭಾವ ನಾಟಕದ ವಿಷಯ ಹೇಳಿ, ಆ ಜಾಗದಲ್ಲಿ 2,642 ಜನರ ಊರಿದೆ ಎಂದರು. ಆತ ಒಂದು ಕ್ಷಣ ನೀರು ನೋಡಿದ. “ಅಲ್ಲಿ ನನ್ನ ಬೋನುಗಳಿವೆ. ಯಾರೂ ದೂರು ಕೊಟ್ಟಿಲ್ಲ,” ಎಂದ.

ಚಳಿಗೆ ಹಲ್ಲು ಕಡಿಯುತ್ತ ಒಂದು ಹೋಟೆಲಿಗೆ ನುಗ್ಗಿದೆವು. 1856ರಲ್ಲಿ ಈ ಊರಿನ ಹೆಂಗಸರು ಕೊಡಲಿ ಹಿಡಿದು ಹೊರಟು ಹೆಂಡದ ಪೀಪಾಯಿಗಳನ್ನು ಒಡೆದಿದ್ದರು. ಆಮೇಲೆ ನೂರೈವತ್ತು ವರ್ಷ ಊರಿನಲ್ಲಿ ಹೆಂಡದ ವ್ಯಾಪಾರ ಹೆಚ್ಚುಕಡಿಮೆ ಇರಲೇ ಇಲ್ಲ. ನಾವು ಹೋಗುವ ಕೆಲವು ವರ್ಷಗಳ ಹಿಂದಷ್ಟೇ ಹೋಟೆಲುಗಳಿಗೆ ಅನುಮತಿ ಸಿಕ್ಕಿತ್ತು. ಭಾವನಿಗೆ ಲಾಬ್‌ಸ್ಟರ್, ನನಗೆ ಕ್ಲಾಮ್ ಚೌಡರ್. ಅಕ್ಕನಿಗೆ ಆ ಊರಿನಲ್ಲಿ ಸಿಕ್ಕಿದ್ದು ಆಲೂ ಫ್ರೈ ಮತ್ತು ಪಕ್ಕದಂಗಡಿಯ ಸೇಬಿನ ಸ್ಟ್ರೂಡೆಲ್. ಸಸ್ಯಾಹಾರಿಗಳು ಈ ಕರಾವಳಿಗೆ ಹೋಗುವಾಗ ಚಪಾತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ನಾಟಕದ ಮಾತು ಯಾರಿಗೂ ಬೇಕಿರಲಿಲ್ಲ. ಎಲ್ಲರ ಕಣ್ಣೂ ಟಿವಿಯ ಮೇಲೆ. ಬಾಸ್ಟನ್‌ನ ಆ ಬದಿಯ ಫಾಕ್ಸ್‌ಬರೋದಲ್ಲಿ ದಪ್ಪ ಹಿಮ ಬೀಳುತ್ತಿದೆ, ಅದರಲ್ಲೇ ಅಮೆರಿಕನ್ ಫುಟ್‌ಬಾಲಿನ ಪೇಟ್ರಿಯಟ್ಸ್ ತಂಡ ಟೆನೆಸೀಯವರನ್ನು ಬಡಿದುಹಾಕುತ್ತಿದೆ. ಅರ್ಧ ಆಟಕ್ಕೇ 45-0. ಕೊನೆಗೆ 59-0 ಆಯಿತು. ಅಷ್ಟು ಹೊತ್ತಿಗೆ ನಾವು ಅದೇ ಹಿಮದಲ್ಲಿ, ಫಿಚ್‌ಬರ್ಗ್‌ನವನು ಹಾಕಿಕೊಟ್ಟ ವೈಪರನ್ನು ಹೊಗಳುತ್ತ, ದಕ್ಷಿಣಕ್ಕೆ ತೆವಳುತ್ತಿದ್ದೆವು.

ಆಮೇಲೆ

ಎಡಿಸನ್ ಸೇರಿದಾಗ ನಡುರಾತ್ರಿ ದಾಟಿತ್ತು. ಭಾವ ಬೆಳಗ್ಗೆ ಎಂಟಕ್ಕೆ ಆಫೀಸಿಗೆ ಹೋದರು. ಅದೇ ತಿಂಗಳ 25ರಂದು ಕ್ರೋಮರ್ ಅವರದೇ ನಿರ್ದೇಶನದ ನೀಲ್ ಸೈಮನ್ ನಾಟಕವೊಂದು ಬ್ರಾಡ್‌ವೇಯ ದೊಡ್ಡ ಥಿಯೇಟರಿನಲ್ಲಿ ಶುರುವಾಗಿ ಒಂದೇ ವಾರಕ್ಕೆ ಮುಚ್ಚಿತು. ಬ್ಯಾರೋ ಸ್ಟ್ರೀಟಿನ ಆ ಚಿಕ್ಕ ಕೋಣೆಯಲ್ಲಿ ಮಾತ್ರ 2010ರ ಸೆಪ್ಟೆಂಬರ್‌ವರೆಗೆ ದಿನವೂ ಒಲೆ ಉರಿಯಿತು, ಒಟ್ಟು 644 ಪ್ರದರ್ಶನ. 1938ರಲ್ಲಿ ಮೊದಲು ಬ್ರಾಡ್‌ವೇಗೆ ಬಂದಾಗ ಆದದ್ದು 336.

ಕೊನೆಯ ಬೇಸಿಗೆಯಲ್ಲಿ ಸಿನಿಮಾ ನಟಿ ಹೆಲೆನ್ ಹಂಟ್ ಸ್ಟೇಜ್ ಮ್ಯಾನೇಜರ್ ಆದರು. ಇಪ್ಪತ್ತು ವರ್ಷ ಹಿಂದೆ ಬ್ರಾಡ್‌ವೇಯಲ್ಲಿ ಎಮಿಲಿ ಆಗಿದ್ದವರು. ಅಕ್ಕ ಆಫೀಸಿನ ಗೆಳತಿಯೊಬ್ಬಳನ್ನು ಕರೆದುಕೊಂಡು ಮತ್ತೆ ಹೋಗಿದ್ದಳು, ಅಡುಗೆಮನೆಯ ವಿಷಯ ಬಾಯಿ ಬಿಡದೆ. ಆಮೇಲೆ ನನಗೊಂದು ಮೇಲ್ ಬಂತು. ನಟನೆ ಹೇಗಿತ್ತು, ಬೆಳಕು ಹೇಗಿತ್ತು ಎಂದು ನಾನು ಕೇಳಿದ್ದಕ್ಕೆಲ್ಲ ಉತ್ತರವಿಲ್ಲ. ಈ ಸಲ ಸಿಕ್ಕ ಸೀಟು ಪರದೆಯ ಪಕ್ಕದ್ದೇ ಆಗಿತ್ತಂತೆ, ಕಾಂಜೀವರಂ ಸ್ಟೋಲಿಗೆ ಎಣ್ಣೆಹೊಗೆ ಹತ್ತಿ ಎರಡು ಸಲ ಡ್ರೈಕ್ಲೀನಿಂಗಿಗೆ ಕೊಡಬೇಕಾಯಿತಂತೆ, ಆ ಗೆಳತಿ ಮಾತ್ರ ಒಂದು ಹನಿ ಅಳಲಿಲ್ಲವಂತೆ.